ಮಡಿಕೇರಿಯ ಪಿನ್‌ಕೋಡ್ 571201: ಭಾಗಿಸೋದನ್ನು 755ಕ್ಕೇ ಯಾಕೆ ನಿಲ್ಲಿಸಬಹುದು?

ಮಡಿಕೇರಿಯ ಪಿನ್‌ಕೋಡ್ 571201 ಒಂದು ಅವಿಭಾಜ್ಯ ಸಂಖ್ಯೆ. ಮಳೆಯಲ್ಲಿ ಕರೆಂಟ್ ಹೋದ ಎರಡು ಸಂಜೆ ಕೂತು ಕೈಯಲ್ಲೇ ಭಾಗಿಸಿ ನೋಡಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು 571200 ನೋಡಿ. ಅದು 2⁶ × 3 × 5² × 7 × 17. ನಮ್ಮ ಸಂಖ್ಯೆ ಅದಕ್ಕಿಂತ ಒಂದೇ ಒಂದು ಜಾಸ್ತಿ. ಹಾಗಾಗಿ 2ರಿಂದ 8ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ 1. ಅಷ್ಟು ಕಿತ್ತಳೆಯನ್ನು ಎರಡೆರಡಾಗಿ, ಐದೈದಾಗಿ, ಎಂಟೆಂಟಾಗಿ ಹೇಗೆ ಗುಡ್ಡೆ ಹಾಕಿದರೂ ಕೊನೆಗೆ ಒಂದು ಹಣ್ಣು ಉಳಿಯುತ್ತದೆ. ಎಷ್ಟು ಚೆಂದ ಅಲ್ವಾ! 9ಕ್ಕೆ ಬಂದಾಗ ಮಾತ್ರ 7 ಉಳಿಯುತ್ತದೆ.

ನಾನು ಸಿಕ್ಕಿಹಾಕಿಕೊಂಡಿದ್ದು ಮುಂದಿನ ಹೆಜ್ಜೆಯಲ್ಲಿ. ವರ್ಗಮೂಲದವರೆಗೆ ನೋಡಿದರೆ ಸಾಕು ಅನ್ನುತ್ತಾರೆ. 755² = 570025, 756² = 571536. ಅಂದರೆ 755ಕ್ಕೆ ನಿಲ್ಲಿಸಬೇಕು. ಆದರೆ ಆಚೆ ಕಡೆ, ಸಾವಿರದ ಹತ್ತಿರ ಒಂದು ಭಾಜಕ ಅಡಗಿದ್ದರೆ?

36 ಕಾಫಿ ಸಸಿ ತಗೊಳ್ಳಿ. ನಾಲ್ಕು ಸಾಲು ಮಾಡಿದರೆ ಸಾಲಿಗೆ ಒಂಬತ್ತು. ಒಂಬತ್ತು ಸಾಲು ಮಾಡಿದರೆ ಸಾಲಿಗೆ ನಾಲ್ಕು. ಇವೆರಡೂ ಒಂದೇ ಜೋಡಣೆ, ನಾವು ನಿಂತು ನೋಡುವ ಬದಿ ಬೇರೆ ಅಷ್ಟೆ. 9 ಅನ್ನೋ ದೊಡ್ಡ ಭಾಜಕ ಒಂಟಿಯಾಗಿ ಬರುವುದಿಲ್ಲ, 4ನ್ನು ಜೊತೆಗೆ ಕರೆದುಕೊಂಡೇ ಬರುತ್ತದೆ. ಜೋಡಿಯಲ್ಲಿ ಎರಡೂ 6ಕ್ಕಿಂತ ದೊಡ್ಡದಾದರೆ ಗುಣಲಬ್ಧ 36 ದಾಟಿಬಿಡುತ್ತದೆ. ಇಲ್ಲೂ ಹಾಗೇ. ಎರಡೂ 756 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗುಣಲಬ್ಧ ಕನಿಷ್ಠ 571536, ಅದು ನಮ್ಮ ಸಂಖ್ಯೆಗಿಂತ ದೊಡ್ಡದು. ಸಾವಿರದ ಹತ್ತಿರ ಭಾಜಕ ಇದ್ದಿದ್ದರೆ ಅದರ ಚಿಕ್ಕ ಜೊತೆಗಾರ 755ರ ಒಳಗೇ ಸಿಗುತ್ತಿತ್ತು. ನಾನು ದೊಡ್ಡದನ್ನು ಬೇರೆಯಾಗಿ ಯೋಚಿಸುತ್ತಿದ್ದೆ, ಅದಕ್ಕೇ ಗೊಂದಲ.

755ರ ಒಳಗೆ 133 ಅವಿಭಾಜ್ಯಗಳಿವೆ. ಅವುಗಳಿಂದ ಭಾಗಿಸಿದರೆ ಸಾಕು. 2ರಿಂದಲೇ ಹೋಗದ್ದು 6ರಿಂದ ಹೋಗುವುದಿಲ್ಲ. ಕೊನೆಯದು 751. 751 × 760 = 570760, ಶೇಷ 441. ಅಲ್ಲಿಗೆ ಮುಗಿಯಿತು.

ನಡುವೆ ಬಿಡಬೇಡಿ. ಗೋಣಿಕೊಪ್ಪಲಿನ 571213 ಕೂಡ 23ರವರೆಗೆ ಯಾವುದಕ್ಕೂ ಬಗ್ಗುವುದಿಲ್ಲ. 29ಕ್ಕೆ ಬಂದಾಗ ಸಿಗುತ್ತದೆ: 29 × 19697. ವಿರಾಜಪೇಟೆಯ 571218 ಸಮಸಂಖ್ಯೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇನ್ನೊಂದು. 4ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿ ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. 17ನೇ ಶತಮಾನದಲ್ಲಿ ಫರ್ಮಾ ಇದನ್ನು ಹೇಳಿದರು, 18ನೇ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದರು. ಹುಡುಕಲು ಒಂದು ಉಪಾಯ ಇದೆ. ಬೆಸ ವರ್ಗವನ್ನು 8ರಿಂದ ಭಾಗಿಸಿದರೆ ಯಾವಾಗಲೂ 1 ಉಳಿಯುತ್ತದೆ. ನಮ್ಮ ಸಂಖ್ಯೆಯಲ್ಲೂ ಉಳಿಯುವುದು 1. ಹಾಗಾದರೆ ಸಮಸಂಖ್ಯೆಯ ವರ್ಗ 8ರಿಂದ ಪೂರ್ತಿ ಭಾಗವಾಗಬೇಕು, ಅಂದರೆ ಆ ಸಂಖ್ಯೆ 4ರ ಗುಣಕ. ಇಷ್ಟರಲ್ಲೇ ಮುಕ್ಕಾಲು ಪಾಲು ಸಂಖ್ಯೆಗಳು ಹೊರಗೆ. 4, 8, 12 ಅಂತ ಒಂದೊಂದಾಗಿ ಹೊರಟರೆ 176ರಲ್ಲಿ ಸಿಗುತ್ತದೆ:

735² + 176² = 540225 + 30976 = 571201.