ನಾನಾವತಿ ಪ್ರಕರಣ: ಆ ಒಂಬತ್ತು ಜ್ಯೂರಿ ಸದಸ್ಯರಿಗೆ ಯಾರೂ ಹೇಳದ ಕಾನೂನು

ಕ್ರಿಮಿನಲ್ ಕಾನೂನಿನ ಪರೀಕ್ಷೆಗೆ ಓದುವವರು ನಾನಾವತಿ ಪ್ರಕರಣವನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ: ಪತ್ರಿಕೆಗಳ ಅಬ್ಬರಕ್ಕೆ ಜ್ಯೂರಿ (ತೀರ್ಮಾನ ಕೊಡಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ) ಮರುಳಾಯಿತು, ಅದರಿಂದಾಗಿ ಭಾರತದಲ್ಲಿ ಜ್ಯೂರಿ ಪದ್ಧತಿಯೇ ರದ್ದಾಯಿತು. ಮೊದಲ ಮಾತು ಅರೆಸತ್ಯ, ಎರಡನೆಯದು ತಪ್ಪು. ಜ್ಯೂರಿಯನ್ನು ಕೈಬಿಡಬೇಕೆಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿದ್ದು 1958ರಲ್ಲಿ. ಈ ಪ್ರಕರಣದ ಗುಂಡು ಹಾರಿದ್ದು 1959ರಲ್ಲಿ. ಆಮೇಲೂ ಕಲ್ಕತ್ತಾದಂತಹ ಕಡೆ ಜ್ಯೂರಿ ವಿಚಾರಣೆಗಳು ನಡೆದವು. ಪೂರ್ತಿಯಾಗಿ ತೆರೆ ಬಿದ್ದದ್ದು ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಯಾದ 1974ರ ಏಪ್ರಿಲ್ 1ರಂದು.

ಸಂಗತಿಗಳು ಎಲ್ಲರಿಗೂ ಗೊತ್ತಿರುವಂಥವು, ಬೇಗ ಮುಗಿಸುತ್ತೇನೆ. 1959ರ ಏಪ್ರಿಲ್ 27ರಂದು ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿಗೆ ಹೆಂಡತಿ ಸಿಲ್ವಿಯಾ ತನಗೂ ಪ್ರೇಮ್ ಅಹುಜಾಗೂ ಇದ್ದ ಸಂಬಂಧವನ್ನು ಒಪ್ಪಿಕೊಂಡರು. ನಾನಾವತಿ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರ್ ಮತ್ತು ಆರು ಗುಂಡುಗಳನ್ನು ಪಡೆದು, ಅಹುಜಾನ ಫ್ಲ್ಯಾಟಿಗೆ ಹೋದರು. ಅಹುಜಾ ಗುಂಡೇಟಿಗೆ ಸತ್ತ. ನಾನಾವತಿ ತಾವೇ ಪೊಲೀಸರಿಗೆ ಶರಣಾದರು. ಆರೋಪ ಭಾರತೀಯ ದಂಡ ಸಂಹಿತೆಯ ಕಲಂ 302 (ಕೊಲೆ) ಮತ್ತು 304ರ (ಕೊಲೆಯಲ್ಲದ ದಂಡನೀಯ ನರಹತ್ಯೆ) ಅಡಿಯಲ್ಲಿ. ಗ್ರೇಟರ್ ಬಾಂಬೆಯ ಸೆಷನ್ಸ್ ನ್ಯಾಯಾಲಯದಲ್ಲಿ ಒಂಬತ್ತು ಮಂದಿಯ ಜ್ಯೂರಿ 8-1ರ ಬಹುಮತದಿಂದ ಎರಡೂ ಕಲಂಗಳಡಿ ‘ತಪ್ಪಿತಸ್ಥರಲ್ಲ’ ಎಂದಿತು.

ಆ ಒಂಬತ್ತು ಮಂದಿಯ ಕೆಲಸ ಏನಿತ್ತು ಎಂಬುದೇ ಇಲ್ಲಿ ಮುಖ್ಯ. ಆಗ ಜಾರಿಯಲ್ಲಿದ್ದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು. ನಡೆದದ್ದೇನು ಎಂದು ತೀರ್ಮಾನಿಸುವುದು ಜ್ಯೂರಿ. ಕಾನೂನು ಏನು ಎಂದು ಹೇಳುವುದು ನ್ಯಾಯಾಧೀಶರು. ಎರಡೂ ಕಡೆಯ ವಾದ ಮುಗಿದ ಮೇಲೆ, ಕಲಂ 297ರ ಪ್ರಕಾರ ನ್ಯಾಯಾಧೀಶರು ಸಾಕ್ಷ್ಯವನ್ನು ಸಂಕ್ಷೇಪಿಸಿ ಹೇಳಿ, ಅನ್ವಯಿಸಬೇಕಾದ ಕಾನೂನನ್ನು ಜ್ಯೂರಿಗೆ ವಿವರಿಸಬೇಕಿತ್ತು. ಜ್ಯೂರಿ ಸದಸ್ಯರು ಕಾನೂನು ಓದಿದವರಲ್ಲ. ಆ ವಿವರಣೆಯಲ್ಲಿ ಇಲ್ಲದ ಕಾನೂನನ್ನು ಅವರು ಎಲ್ಲಿಂದ ತರಬೇಕು?

ಈಗ ನಾನಾವತಿಯವರ ಪ್ರತಿವಾದ ನೋಡಿ. ರಿವಾಲ್ವರ್ ಇದ್ದ ಲಕೋಟೆಗೆ ಅಹುಜಾ ಕೈ ಹಾಕಿದ, ಇಬ್ಬರಿಗೂ ಎಳೆದಾಟವಾಯಿತು, ಗುಂಡು ಆಕಸ್ಮಿಕವಾಗಿ ಹಾರಿತು ಎಂಬುದು ಅವರ ವಾದ. ಅಂದರೆ ದಂಡ ಸಂಹಿತೆಯ ಕಲಂ 80ರ ಅಪಘಾತದ ವಿನಾಯಿತಿ. ಸಾಕ್ಷ್ಯ ಅಧಿನಿಯಮದ ಕಲಂ 105 ಹೇಳುವಂತೆ ಯಾವುದೇ ವಿನಾಯಿತಿಯನ್ನು ರುಜುವಾತು ಮಾಡುವ ಹೊಣೆ ಆರೋಪಿಯದು. ಸೆಷನ್ಸ್ ನ್ಯಾಯಾಧೀಶರು ಇದನ್ನು ಜ್ಯೂರಿಗೆ ಹೇಳಲೇ ಇಲ್ಲ. ಕೇಳುವವರಿಗೆ ಅಪಘಾತವಲ್ಲವೆಂದು ಪ್ರಾಸಿಕ್ಯೂಷನ್ನೇ ಸಾಬೀತು ಮಾಡಬೇಕೆಂಬ ಭಾವನೆ ಮೂಡುವುದು ಸಹಜ. ಸುಪ್ರೀಂ ಕೋರ್ಟ್ ಇದನ್ನು ಜ್ಯೂರಿಯ ತೀರ್ಮಾನವನ್ನೇ ಕೆಡಿಸುವಂಥ ತಪ್ಪು ಸೂಚನೆ ಎಂದು ಕರೆಯಿತು. ನಾನಾವತಿಯವರ ಪರ ನಿಂತ ಬ್ಲಿಟ್ಜ್ ಪತ್ರಿಕೆಯ ಗದ್ದಲದ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಒಂದು ಲೋಪಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ ಎಂಬುದು ನನ್ನ ತಕರಾರು.

ಇಲ್ಲೊಂದು ಸೂಕ್ಷ್ಮವಿದೆ, ಅಂಕ ಹೋಗುವುದೂ ಇಲ್ಲೇ. ಹೊಣೆ ಆರೋಪಿಯ ಮೇಲಿದೆ ಎಂದ ಮಾತ್ರಕ್ಕೆ ಪ್ರಾಸಿಕ್ಯೂಷನ್ ಕೈ ಕಟ್ಟಿ ಕೂರುವಂತಿಲ್ಲ. ಕೊಲ್ಲುವ ಉದ್ದೇಶವಿತ್ತು ಎಂಬುದನ್ನು ಅದು ಮೊದಲಿನಿಂದ ಕೊನೆಯವರೆಗೂ ಸಾಬೀತು ಮಾಡಲೇಬೇಕು. ಆರೋಪಿ ಮುಂದಿಟ್ಟ ಸಾಕ್ಷ್ಯ ‘ಅಪಘಾತ’ವನ್ನು ಪೂರ್ತಿ ರುಜುವಾತು ಮಾಡಲು ಸಾಲದಿದ್ದರೂ, ಉದ್ದೇಶದ ಬಗ್ಗೆ ಸಮಂಜಸ ಸಂಶಯ ಹುಟ್ಟಿಸಿದರೆ ಅದರ ಲಾಭ ಅವನಿಗೇ. ಎರಡು ಹೊಣೆಗಳು ಒಂದೇ ಸಾಕ್ಷ್ಯದ ಮೇಲೆ ಓಡಾಡುವ ಈ ಜಾಗವನ್ನು ನ್ಯಾಯಮೂರ್ತಿ ಕೆ. ಸುಬ್ಬರಾವ್ ಬರೆದ ತೀರ್ಪು ಬಿಡಿಸಿ ಹೇಳುತ್ತದೆ. ಅಲ್ಲಿಯೇ ಎಳೆದಾಟದ ಕಥೆಯನ್ನೂ ಅದು ನಂಬಲಿಲ್ಲ. ಸ್ನಾನ ಮುಗಿಸಿ ಬಂದಿದ್ದ ಅಹುಜಾ ಸುತ್ತಿಕೊಂಡಿದ್ದ ಟವೆಲ್ ಗುಂಡೇಟಿನ ನಂತರವೂ ಮೈಮೇಲೆ ಹಾಗೇ ಇತ್ತು!

ಸೆಷನ್ಸ್ ನ್ಯಾಯಾಧೀಶ ಆರ್.ಬಿ. ಮೆಹ್ತಾ ಜ್ಯೂರಿಯ ಮಾತನ್ನು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಾಗಿದ್ದರೆ ಒಪ್ಪಲಿ ಬಿಡಲಿ, ಆರೋಪಿ ಮನೆಗೆ ಹೋಗುತ್ತಿದ್ದ. ಅಲ್ಲಿ ಜ್ಯೂರಿ ಬಿಡುಗಡೆ ಎಂದರೆ ನ್ಯಾಯಾಧೀಶರು ತಡೆಯುವಂತಿಲ್ಲ. ನಮ್ಮ 1898ರ ಸಂಹಿತೆಯಲ್ಲಿ ಕಲಂ 307 ಇತ್ತು. ನ್ಯಾಯದ ದೃಷ್ಟಿಯಿಂದ ಅಗತ್ಯವೆಂದು ಸ್ಪಷ್ಟವಾಗಿ ಕಂಡರೆ ನ್ಯಾಯಾಧೀಶರು ಕಾರಣ ಬರೆದು ಪ್ರಕರಣವನ್ನು ಹೈಕೋರ್ಟಿಗೆ ಕಳಿಸಬಹುದಿತ್ತು. ವಸಾಹತು ಸರ್ಕಾರ ಇಲ್ಲಿನ ಜನರಿಗೆ ಜ್ಯೂರಿ ಕೊಟ್ಟಿತು, ಆದರೆ ಬೀಗದ ಕೈ ತನ್ನಲ್ಲೇ ಇಟ್ಟುಕೊಂಡಿತು ಎಂದೇ ನಾನು ಓದುತ್ತೇನೆ.

ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಶೆಲತ್ ಮತ್ತು ನಾಯಕ್ ಒಂದೇ ತೀರ್ಮಾನಕ್ಕೆ ಬಂದರೂ ಹಿಡಿದ ದಾರಿ ಬೇರೆ. ತಪ್ಪು ಸೂಚನೆಗಳಿಂದ ಜ್ಯೂರಿಯ ತೀರ್ಮಾನ ಬಿದ್ದುಹೋಯಿತು, ಆದ್ದರಿಂದ ಸಾಕ್ಷ್ಯವನ್ನು ತಾವೇ ತೂಗಬಹುದು ಎಂಬುದು ಶೆಲತ್ ಅವರ ಮುಖ್ಯ ಆಧಾರ. ವಿವೇಕವುಳ್ಳ ಯಾವ ಗುಂಪೂ ಇಂಥ ತೀರ್ಮಾನ ಕೊಡುತ್ತಿರಲಿಲ್ಲ ಎಂಬುದನ್ನು ನಾಯಕ್ ಆಧಾರವಾಗಿಟ್ಟುಕೊಂಡರು. 1960ರ ಮಾರ್ಚ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೊಲೆಯನ್ನು ಕಡಿಮೆ ಅಪರಾಧಕ್ಕೆ ಇಳಿಸುವ ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ಯ ವಾದವೂ ಅಲ್ಲಿ ನಿಲ್ಲಲಿಲ್ಲ: ಮಧ್ಯಾಹ್ನ 1.30ಕ್ಕೆ ಮನೆ ಬಿಟ್ಟವರಿಗೆ, ಗುಂಡು ಹಾರಿದ 4.20ರ ಹೊತ್ತಿಗೆ ಮನಸ್ಸನ್ನು ಹತೋಟಿಗೆ ತಂದುಕೊಳ್ಳಲು ಸಾಕಷ್ಟು ಸಮಯವಿತ್ತು. 1964ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ನೀಡಿದ್ದು ಬೇರೆಯೇ ಅಧ್ಯಾಯ.

ಹಳೆಯ ಸಂಹಿತೆಗಳ ಜಾಗಕ್ಕೆ ಹೊಸವು ಬಂದಿವೆ, ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಹೊಸ ಸಂಖ್ಯೆಗಳನ್ನೂ ಕೊಡಿ. ಸಾಕ್ಷ್ಯ ಅಧಿನಿಯಮದ 105 ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 108. ದಂಡ ಸಂಹಿತೆಯ 80 ಈಗ ಭಾರತೀಯ ನ್ಯಾಯ ಸಂಹಿತೆಯ 18. 302 ಈಗ 103. 1898ರ ಸಂಹಿತೆಯ ಕಲಂ 307ಕ್ಕೆ ಮಾತ್ರ ಇಂದು ಸಮಾನವಾದದ್ದಿಲ್ಲ, ಏಕೆಂದರೆ ಕ್ರಿಮಿನಲ್ ನ್ಯಾಯಾಲಯದಲ್ಲಿ ಜ್ಯೂರಿಯೇ ಇಲ್ಲ. ಜ್ಯೂರಿಯ ದೂರದ ನೆಂಟರನ್ನು ನೋಡಬೇಕೆಂದರೆ 1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆಯನ್ನು ತೆರೆಯಿರಿ. ಅಲ್ಲಿ ವೈವಾಹಿಕ ವ್ಯಾಜ್ಯಗಳಲ್ಲಿ ನ್ಯಾಯಾಧೀಶರ ಜೊತೆ ಸಮುದಾಯದ ಪ್ರತಿನಿಧಿಗಳು ಕೂರುವ ಏರ್ಪಾಡು ಇದೆ.