ದಾನದ ಬೋರಿಂಗ್‌ನಿಂದ ಫಿಲ್ಟರ್ ಕ್ಯಾನಿನವರೆಗೆ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಹಳ್ಳಿಗಳಲ್ಲಿ ನೀರಿನ ಚರಿತ್ರೆಯನ್ನು ಪುಸ್ತಕದಲ್ಲಿ ಹುಡುಕಬೇಕಿಲ್ಲ, ಒಂದು ಬೀದಿ ನಡೆದರೆ ಸಾಕು. ಕಸ ತುಂಬಿದ ಬಾವಿ, ಹಿಡಿ ಕಳಚಿದ ಬೋರಿಂಗ್, ಪಾಚಿ ಕಟ್ಟಿದ ಮಿನಿ ಟ್ಯಾಂಕ್, ಫಿಲ್ಟರ್ ನೀರಿನ ಘಟಕ, ಈಗ ಮನೆ ಮುಂದೆ ಹೊಸ ನಲ್ಲಿ. ಇವುಗಳಲ್ಲಿ ಎಷ್ಟೋ ದಾನಿಗಳು ಕೊಟ್ಟಿದ್ದು, ಉಳಿದದ್ದು ಸರ್ಕಾರದ್ದು. ಇಷ್ಟೆಲ್ಲ ಬಂದರೂ ಕುಡಿಯುವ ನೀರಿನ ಚಿಂತೆ ಮಾತ್ರ ಹಾಗೇ ಇದೆ.

ತಲೆಮಾರುಗಳ ಕಾಲ ಇಲ್ಲಿ ಕೆರೆ ನೀರು, ಕೆರೆ ಕೆಳಗಿನ ಬಾವಿ ನೀರು ಅಷ್ಟೇ. 1966-67ರಲ್ಲಿ ಬಿಹಾರಕ್ಕೆ ಭೀಕರ ಬರ ಬಂತು. ಆಗ ಯುನಿಸೆಫ್ ಮತ್ತು ಹಲವು ದತ್ತಿ ಸಂಸ್ಥೆಗಳು ಕಲ್ಲು ಕೊರೆಯುವ ಯಂತ್ರಗಳನ್ನು ತಂದವು. ಕೊಳವೆಬಾವಿಯೇನೋ ಸಲೀಸಾಗಿ ಕೊರೆದರು, ಆದರೆ ಮೇಲೆ ಕೂರಿಸಿದ ಎರಕದ ಕೈಪಂಪು ಬಾಳಲಿಲ್ಲ. ಅದು ಒಂದು ಮನೆಯ ಬಳಕೆಗೆ ಮಾಡಿದ ಪಂಪು. ಇಡೀ ಊರು ಬೆಳಗಿಂದ ರಾತ್ರಿವರೆಗೆ ಜಗ್ಗಿದರೆ ಎಷ್ಟು ದಿನ ತಾಳೀತು? ಸೊಲ್ಲಾಪುರದ ಕಡೆ ಬಳಕೆಯಲ್ಲಿದ್ದ ಒಂದು ಗಟ್ಟಿ ಪಂಪಿನ ಮಾದರಿ ಹಿಡಿದು 1970ರ ದಶಕದ ಕೊನೆಗೆ 'ಇಂಡಿಯಾ ಮಾರ್ಕ್ 2' ತಯಾರಾಯಿತು. ನಾವು ಬೋರಿಂಗ್ ಅನ್ನೋದು ಇದನ್ನೇ.

ಬೋರಿಂಗನ್ನು ಈಗ ಬೈಯುವವರು ಒಂದು ಮಾತು ಮರೆಯುತ್ತಾರೆ. ಬಾವಿಗೆ ಇಳಿದು ಕೊಡ ತುಂಬುತ್ತಿದ್ದ ಕಾಲದಲ್ಲಿ ಆ ನೀರಿನಿಂದಲೇ ಹರಡುವ ನಾರುಹುಣ್ಣು ನಮ್ಮ ರಾಜ್ಯದ ಹಳ್ಳಿಗಳನ್ನೂ ಕಾಡುತ್ತಿತ್ತು. ಕಾಲಿನಿಂದ ಉದ್ದನೆ ಹುಳು ಹೊರಬರುವ ಆ ರೋಗ ಹೋಗಿದ್ದರಲ್ಲಿ ಬೋರಿಂಗಿಗೂ ಪಾಲಿದೆ. 2000ದಲ್ಲಿ ಭಾರತ ಅದರಿಂದ ಪೂರ್ತಿ ಮುಕ್ತ ಎಂದು ಘೋಷಣೆಯಾಯಿತು.

ಆದರೆ ಮಾರ್ಕ್ 2 ಸುಮಾರು 150 ಅಡಿ ಆಳದವರೆಗೆ ಮಾತ್ರ ನೀರೆತ್ತಬಲ್ಲದು. ತೋಟ, ತರಕಾರಿ, ರೇಷ್ಮೆಗೆ ನೀರು ಬೇಕಾಗಿ ಮೋಟಾರು ಬೋರುಗಳು ಹೆಚ್ಚಿದವು. ಬೋರು 300 ಅಡಿ, 600 ಅಡಿ ಅಂತ ಇಳಿಯುತ್ತಾ ಸಾವಿರವನ್ನೂ ದಾಟಿತು. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆಯಲ್ಲಿ ರೈತ ಇನ್ನೇನು ಮಾಡಬೇಕಿತ್ತು? ಅಷ್ಟು ಆಳದ ಗ್ರಾನೈಟ್ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ಪ್ರಮಾಣ ಇನ್ನೂ ಹೆಚ್ಚಾದರೆ ವರ್ಷಗಳು ಕಳೆದಂತೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಇದು ಹೊಸ ಸುದ್ದಿಯೂ ಅಲ್ಲ. ನೆಲ್ಲೂರು ಕಡೆ ಈ ರೋಗ 1937ರಲ್ಲೇ ಪತ್ತೆಯಾಗಿತ್ತು.

ಹೆಂಗಸರಿಗೆ ಇದರ ಪೆಟ್ಟು ಜಾಸ್ತಿ. ಹಲ್ಲಿನ ಕಲೆ ನೋಡಿಯೇ ಹುಡುಗಿಯನ್ನು ಬೇಡ ಅನ್ನುವವರಿದ್ದಾರೆ. ಬಸುರಿಯರ ರಕ್ತಹೀನತೆಗೂ ಫ್ಲೋರೈಡಿಗೂ ನಂಟಿದೆಯೇ ಎಂದು ಫ್ಲೋರೈಡ್ ಸಂಶೋಧಕಿ ಡಾ. ಎ.ಕೆ. ಸುಶೀಲಾ ಅವರ ತಂಡ ದೆಹಲಿಯಲ್ಲಿ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿತು. ನೀರು, ಊಟದಲ್ಲಿ ಫ್ಲೋರೈಡ್ ತಗ್ಗಿಸಿ ಪೌಷ್ಟಿಕ ಆಹಾರ ಕೊಟ್ಟಾಗ ಹಿಮೋಗ್ಲೋಬಿನ್ ಏರಿತ್ತು. ಕಬ್ಬಿಣದ ಮಾತ್ರೆ ಹಂಚುವವರು ಮನೆಯ ನೀರು ಯಾವುದೆಂದೂ ಕೇಳಿ ನೋಡಬೇಕು, ಅಲ್ವಾ?

ನಡುವೆ ಸೂರಿನ ಮಳೆನೀರು ಹಿಡಿಯುವ ಯೋಜನೆಗಳು ಬಂದವು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ತಾರಸಿಯೋ ಹೆಂಚೋ ಇರುವ ಮನೆ ಬೇಕು, ತೊಟ್ಟಿಗೆ ಜಾಗ ಬೇಕು. ಗುಡಿಸಲಿನವರು ಅಲ್ಲೇ ಹೊರಗುಳಿದರು.

ಆಮೇಲೆ ಬಂದದ್ದೇ ಆರ್‌ಒ ಘಟಕ. ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಫಿಲ್ಟರ್ ಘಟಕವೇ ಇದು. ಕಳೆದ ಹದಿನೈದು ವರ್ಷಗಳ ಕತೆ ಬಹುಪಾಲು ಇದರದ್ದೇ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ, ಟ್ರಸ್ಟುಗಳ ದೇಣಿಗೆ, ಸರ್ಕಾರದ ಅನುದಾನ ಎಲ್ಲವೂ ಇದಕ್ಕೇ ಹರಿಯಿತು. ಟೇಪು ಕತ್ತರಿಸಿ ಫೋಟೊ ತೆಗೆಸಿಕೊಳ್ಳಲು ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ ಬಿಡಿ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಯಂತ್ರ ಒಮ್ಮೊಮ್ಮೆ ನಾಣ್ಯ ನುಂಗಿ ಸುಮ್ನೆ ನಿಲ್ಲುತ್ತದೆ. ಆಗ ಪಕ್ಕಕ್ಕೆ ಎರಡು ಗುದ್ದು ಕೊಡುವುದು ಎಲ್ಲರಿಗೂ ಗೊತ್ತಿರುವ ರಿಪೇರಿ. ತುಂಬಿದ ಕ್ಯಾನು ಕೊಡದ ಹಾಗೆ ಸೊಂಟಕ್ಕೆ ಕೂರುವುದಿಲ್ಲ, ಬೈಕಿನ ಮೇಲೆ ಹೋಗುತ್ತದೆ. ಹಾಗಾಗಿ ನೀರು ತರುವ ಕೆಲಸಕ್ಕೆ ಗಂಡಸರೂ ಬಂದರು. ಇದು ಯಾರೂ ಯೋಜಿಸದೇ ಆದ ಒಳ್ಳೆಯದು. ಬೈಕಿಲ್ಲದ ಒಂಟಿ ಹೆಂಗಸು ಮಾತ್ರ ತಂದುಕೊಟ್ಟವರಿಗೆ ಇನ್ನಷ್ಟು ದುಡ್ಡು ಕೊಡಬೇಕು.

ಫಿಲ್ಟರ್ ನೀರಲ್ಲಿ ಬೇಳೆ ಬೇಗ ಬೇಯುತ್ತದೆ ಅನ್ನುತ್ತಾರೆ. ನಿಜವೇ, ಗಡಸು ನೀರಲ್ಲಿ ಬೇಳೆ ಸುಲಭಕ್ಕೆ ಮೆತ್ತಗಾಗದು. ಆದರೂ ದುಡ್ಡು ಕೊಟ್ಟ ನೀರು ಎಂದು ಎಷ್ಟೋ ಮನೆಗಳಲ್ಲಿ ಅದನ್ನು ಕುಡಿಯಲಿಕ್ಕಷ್ಟೇ ಇಟ್ಟುಕೊಂಡು ಮುದ್ದೆಗೆ, ಸಾರಿಗೆ ಬೋರಿನ ನೀರನ್ನೇ ಇಡುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಈ ಮಾತನ್ನು ಉದ್ಘಾಟನೆಯ ದಿನ ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನು ಘಟಕದ ಹಿಂಭಾಗಕ್ಕೆ ಹೋಗಿ ನೋಡಿ. ಒಳಗೆ ಹೋದ ನೀರಲ್ಲಿ ಅರ್ಧದಷ್ಟು, ಕೆಲವೆಡೆ ಇನ್ನೂ ಜಾಸ್ತಿ, ಪೈಪಿನಲ್ಲಿ ಚರಂಡಿಗೆ ಬೀಳುತ್ತಿರುತ್ತದೆ. ತೆಗೆದ ಫ್ಲೋರೈಡೆಲ್ಲ ಇರುವುದು ಅದರಲ್ಲೇ. ಒಳಗಿನ ಮೆಂಬ್ರೇನ್ ಎಂಬ ಪೊರೆಯನ್ನು ಆಗಾಗ ಬದಲಿಸಬೇಕು, ಅದು ಅಗ್ಗದ್ದಲ್ಲ. ಒಪ್ಪಂದದ ಅವಧಿ ಮುಗಿದ ಮೇಲೆ ಖರ್ಚು ಯಾರದು ಅನ್ನುವಲ್ಲಿ ದಾನಿ ಪಂಚಾಯಿತಿ ಕಡೆ ನೋಡುತ್ತಾರೆ, ಪಂಚಾಯಿತಿ ಘಟಕ ನಡೆಸುವ ಏಜೆನ್ಸಿ ಕಡೆ ನೋಡುತ್ತದೆ. ಹೊಸ ಘಟಕಕ್ಕೆ ಸಿಗುವ ಹಣ ಹಳೆಯದರ ರಿಪೇರಿಗೆ ಸಿಗುವುದಿಲ್ಲ. ಊರಿಗೆ ಎರಡನೇ ಘಟಕ ಬರುವುದು ಹೀಗೆ, ಮೊದಲನೆಯದಕ್ಕೆ ಬೀಗ ಬಿದ್ದ ಮೇಲೆ.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ಪ್ರತಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಕೊಡ ಹೊರುವುದು ತಪ್ಪಿತು, ಅದು ಸಣ್ಣ ವಿಷಯವಲ್ಲ. ಆದರೆ ಬಯಲುಸೀಮೆಯ ಎಷ್ಟೋ ಊರಲ್ಲಿ ನಲ್ಲಿಗೆ ಬರುವುದು ಅದೇ ಬೋರಿನ ನೀರು. ಹೊರಗಿಂದ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, ಅದರ ಮೊದಲ ಹಂತ ಸಕಲೇಶಪುರದ ಬಳಿ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಲಿ ಎಂದು ತಂದ ನೀರು ಅದು, ನೇರವಾಗಿ ಕುಡಿಯಲಿಕ್ಕಲ್ಲ.

ಮಿಷನ್‌ನ ನಿಯಮದಲ್ಲಿ ಇನ್ನೊಂದು ಅಂಶವಿದೆ. ಪ್ರತಿ ಹಳ್ಳಿಯಲ್ಲಿ ಐದು ಮಂದಿ ಹೆಂಗಸರಿಗೆ ತರಬೇತಿ ಕೊಟ್ಟು ನೀರು ಪರೀಕ್ಷಿಸುವ ಕಿಟ್ ಕೊಡಬೇಕು. ಈ ಕಿಟ್‌ನಲ್ಲಿ ಫ್ಲೋರೈಡನ್ನೂ ನೋಡಬಹುದು. ನಲ್ಲಿ ನೀರನ್ನಷ್ಟೇ ಅಲ್ಲ, ಆರ್‌ಒ ಘಟಕದ ನೀರನ್ನೂ ಅದೇ ಕಿಟ್‌ನಲ್ಲಿ ತಿಂಗಳಿಗೊಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಘಟಕದ ಬಾಗಿಲಿಗೆ ಬರೆದು ಹಾಕಬಹುದು. ದಾನಿಗಳ ಹೆಸರಿನ ಬೋರ್ಡಿನ ಪಕ್ಕದಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ.