ಶೇಡಿ ಮಣ್ಣಿನ ರಿಪೋರ್ಟ್ ಓದುವಾಗ

ಮಂಗಳೂರಿನಲ್ಲಿ ಬಾವಿ ತೋಡಿದವರಿಗೆ ಇದು ಗೊತ್ತಿರುತ್ತದೆ. ಮೇಲೆ ಗಟ್ಟಿ ಮುರಕಲ್ಲು, ಅದರ ಅಡಿಯಲ್ಲಿ ಬಿಳಿ, ಹಳದಿ, ತಿಳಿ ಗುಲಾಬಿ ಬಣ್ಣದ ಶೇಡಿ ಮಣ್ಣು. ಬೇಸಿಗೆಯಲ್ಲಿ ಗುಡ್ಡ ಕಡಿದರೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಆಟಿ ತಿಂಗಳ ಮಳೆಗೆ ಅದೇ ಗೋಡೆ ಜರಿದು ಅಂಗಳಕ್ಕೆ ಬರುತ್ತದೆ.

ಕಳೆದ ಮೇ ತಿಂಗಳಲ್ಲಿ ಒಬ್ಬರು ಲ್ಯಾಬ್ ರಿಪೋರ್ಟ್ ಹಿಡಿದು ಬಂದರು. "ಪ್ಲಾಸ್ಟಿಸಿಟಿ ಕಡಿಮೆ ಅಂತ ಬಂದಿದೆ. ಒಳ್ಳೇ ಮಣ್ಣಲ್ವಾ ಸರ್?" ಪ್ಲಾಸ್ಟಿಸಿಟಿ ಅಂದರೆ ಒದ್ದೆ ಮಣ್ಣು ಬಿರಿಯದೆ ಬೇಕಾದ ಆಕಾರಕ್ಕೆ ಬರುವ ಗುಣ.

ಬಯಲುಸೀಮೆಯ ಎರೆಮಣ್ಣಿನ ಲೆಕ್ಕದಲ್ಲಿ ಹೌದು. ಅಲ್ಲಿ ಪ್ಲಾಸ್ಟಿಸಿಟಿ ಜಾಸ್ತಿ ಇದ್ದರೆ ಮಣ್ಣು ಉಬ್ಬಿ ಗೋಡೆ ಬಿರುಕು ಬಿಡುತ್ತದೆ. ನಮ್ಮಲ್ಲಿ ಲೆಕ್ಕ ಬೇರೆ. ಯಾಕೆಂದು ತಿಳಿಯಲು ಲ್ಯಾಬ್‌ನಲ್ಲಿ ಇದನ್ನು ಅಳೆಯುವ ಬಗೆ ನೋಡಿ.

425 ಮೈಕ್ರಾನ್ ಜರಡಿಯಲ್ಲಿ ಇಳಿದ ಮಣ್ಣನ್ನು ನೀರಲ್ಲಿ ಕಲಸಿ ಹಿತ್ತಾಳೆ ಬಟ್ಟಲಿಗೆ ಹಾಕುತ್ತೇವೆ. ನಡುವೆ ಗೀರು ಎಳೆದು, ಹಿಡಿ ತಿರುಗಿಸಿ, ಬಟ್ಟಲನ್ನು 1 ಸೆಂ.ಮೀ. ಎತ್ತರದಿಂದ ಬೀಳಿಸುತ್ತೇವೆ. 25 ಪೆಟ್ಟಿಗೆ ಗೀರು 12 ಮಿ.ಮೀ. ಉದ್ದ ಕೂಡಿಕೊಂಡರೆ ಆಗಿನ ನೀರಿನ ಶೇಕಡಾವಾರು ಲಿಕ್ವಿಡ್ ಲಿಮಿಟ್, ಅಂದರೆ ಮಣ್ಣು ಹರಿಯತೊಡಗುವ ಹದ. ಪ್ಲಾಸ್ಟಿಕ್ ಲಿಮಿಟ್‌ಗೆ ಯಂತ್ರವೇ ಇಲ್ಲ. ಗಾಜಿನ ಮೇಲೆ ಅಂಗೈಯಲ್ಲಿ ಶ್ಯಾವಿಗೆ ಹೊಸೆದ ಹಾಗೆ ಹೊಸೆಯಬೇಕು. ಎಳೆ 3 ಮಿ.ಮೀ. ದಪ್ಪಕ್ಕೆ ಬಂದಾಗ ಬಿರಿಯಬೇಕು, ಆಗಿನ ನೀರಿನ ಶೇಕಡಾವಾರೇ ಪ್ಲಾಸ್ಟಿಕ್ ಲಿಮಿಟ್. ಶೇಡಿ ಮಣ್ಣು ಇಲ್ಲಿ ಹುಡುಗರ ತಾಳ್ಮೆ ಪರೀಕ್ಷಿಸುತ್ತದೆ, ಸುಮ್ಮಸುಮ್ಮನೆ ತುಂಡಾಗುತ್ತದೆ.

ಈ ಎರಡರ ನಡುವಿನ ಅಂತರವೇ ಪ್ಲಾಸ್ಟಿಸಿಟಿ ಇಂಡೆಕ್ಸ್. ಅಂತರ ಕಡಿಮೆ ಅಂದರೆ ಚಪಾತಿ ಹಿಟ್ಟಿನ ಹದದಿಂದ ನೀರ್‌ದೋಸೆ ಹಿಟ್ಟಿನ ಹದಕ್ಕೆ ಹೋಗಲು ಸ್ವಲ್ಪವೇ ನೀರು ಸಾಕು. ಉದಾಹರಣೆಗೆ, ಲಿಮಿಟ್‌ಗಳು 45 ಮತ್ತು 30 ಎಂದುಕೊಳ್ಳಿ. ಸೈಟಿನ ಮಣ್ಣಲ್ಲಿ ನೀರು ಶೇ. 32 ಇದ್ದರೆ ಚಿಂತೆಯಿಲ್ಲ. ಶೇ. 42 ಆದರೆ ಆ ಮಣ್ಣು ಹರಿಯುವ ಹದಕ್ಕೆ ಹತ್ತಿರ. ಹಾಗಾಗಿ ನಾನು ಮೊದಲು ನೋಡುವುದು ಸೈಟಿನ ತೇವಾಂಶ. ಅವರ ರಿಪೋರ್ಟಿನಲ್ಲಿ ಅದೇ ಇರಲಿಲ್ಲ.

ಇನ್ನೊಂದು ಎಡವಟ್ಟು ಓವನ್. ನಾನೂ ಹೊಸದರಲ್ಲಿ ಮಾಡಿದ್ದೇನೆ. ಬೇಗ ಮುಗಿಯಲಿ ಎಂದು ನದೀತೀರದ ಕಪ್ಪು ಜೇಡಿಯನ್ನು ರಾತ್ರಿಯಿಡೀ 105 ಡಿಗ್ರಿಯಲ್ಲಿ ಒಣಗಿಸಿ, ಪುಡಿ ಮಾಡಿ ಪರೀಕ್ಷಿಸಿದೆ. ಹಸಿ ಮಣ್ಣಿಗಿಂತ ಲಿಕ್ವಿಡ್ ಲಿಮಿಟ್ ತುಂಬಾ ಕಡಿಮೆ ಬಂತು. ಬಿಸಿಗೆ ಸಣ್ಣ ಕಣಗಳು ಅಂಟಿಕೊಂಡು ಗುಂಪಾಗುತ್ತವೆ, ಮತ್ತೆ ನೀರು ಹಾಕಿದರೂ ಪೂರ್ತಿ ಬಿಡುವುದಿಲ್ಲ. ಕೊಳೆತ ಎಲೆ, ಬೇರಿನ ಅಂಶವಿರುವ ಮಣ್ಣಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ತೇವಾಂಶ ಅಳೆಯಲು ಓವನ್ ಬೇಕೇ ಬೇಕು, ಆದರೆ ಲಿಮಿಟ್ ಪರೀಕ್ಷೆಯ ಮಣ್ಣು ನೆರಳಲ್ಲಿ ಆರಿದರೆ ಸಾಕು.

ಅವರ ಸ್ಯಾಂಪಲ್ ಸಿಮೆಂಟ್ ಚೀಲದಲ್ಲಿ ವಾರವಿಡೀ ತಾರಸಿಯ ಮೇಲೆ ಒಣಗಿತ್ತಂತೆ. ಮಳೆ ಹಿಡಿದ ಮೇಲೆ, ಜೂನ್ ಕೊನೆಗೆ, ತೇವ ಆರದ ಹಾಗೆ ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಇನ್ನೊಮ್ಮೆ ತನ್ನಿ ಎಂದೆ. ಅಲ್ಲಿಯವರೆಗೆ ಗುಡ್ಡ ಕಡಿಯುವ ಜೆಸಿಬಿಯವರಿಗೂ ರಜೆ ಕೊಡಿ ಎಂದೆ. ಅದು ಅವರಿಗೆ ಅಷ್ಟು ಹಿಡಿಸಲಿಲ್ಲ.